ಕೈಬಿಟ್ಟವನನ್ನೇ ಕೈಹಿಡಿ ಎಂದ ಹಾಡು

ಊರು ದಾಟಿದ ಮೇಲೆ ನೆನಪಾಯಿತು, ಹಾಡಿನ ಹಾಳೆಗಳ ಚೀಲ ಮನೆಯಲ್ಲೇ ಉಳಿದಿದೆ. ಕಾರು ತಿರುಗಿಸಿಕೊಂಡು ಬಂದರು. ಹೆಂಡತಿ ನೆಟ್ಟಿ ಗಾಢ ನಿದ್ದೆಯಲ್ಲಿದ್ದರು. ತುಂಬಿದ ಬಸುರಿ, ಇವತ್ತೋ ನಾಳೆಯೋ ಎನ್ನುವಂತಿದ್ದ ದಿನಗಳು. ಎಬ್ಬಿಸುವುದು ಬೇಡವೆಂದು ಚೀಲ ಮಾತ್ರ ಎತ್ತಿಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮತ್ತೆ ಹೊರಟರು. ಹೋಗಬೇಡ ಎಂದು ಒಳಗಿನಿಂದ ಏನೋ ಹೇಳುತ್ತಿತ್ತು, ಆದರೂ ಹೋದೆ ಎಂದು ಅವರು ಮುಂದೆ ಎಷ್ಟೋ ವರ್ಷ ಹೇಳಿಕೊಂಡರು.

ಅದು 1932ರ ಆಗಸ್ಟ್. ಹೊರಟಿದ್ದು ಷಿಕಾಗೊ ನಗರದಿಂದ ಸೇಂಟ್ ಲೂಯಿಸ್‌ಗೆ. ಅಲ್ಲಿ ಕ್ರೈಸ್ತರ ದೊಡ್ಡದೊಂದು ಉಜ್ಜೀವನ ಕೂಟವಿತ್ತು, ಅದರಲ್ಲಿ ಹಾಡಬೇಕಿತ್ತು. ಮರುದಿನ ರಾತ್ರಿ, ಸೆಕೆಯಲ್ಲಿ ಬೆವರುತ್ತ ಕೂತ ಜನ ಇನ್ನೊಂದು, ಮತ್ತೊಂದು ಎಂದು ಹಾಡಿಸಿದರು. ಕೊನೆಗೂ ಹಾಡು ಮುಗಿಸಿ ಕೂತಾಗ ಹುಡುಗನೊಬ್ಬ ಓಡಿ ಬಂದು ತಂತಿ ಕೊಟ್ಟ. ಒಡೆದು ನೋಡಿದರೆ ಹೆಂಡತಿ ತೀರಿಕೊಂಡ ಸುದ್ದಿ. ಸುತ್ತಲಿನ ಜನ ಇನ್ನೂ ಚಪ್ಪಾಳೆ ತಟ್ಟಿ ಹಾಡುತ್ತಲೇ ಇದ್ದರು. ರಾತ್ರೋರಾತ್ರಿ ಷಿಕಾಗೊಗೆ ವಾಪಸು ಬಂದರೆ ಗಂಡು ಮಗು ಹುಟ್ಟಿತ್ತು, ಜೀವಂತವಾಗಿತ್ತು. ಎದೆಯಲ್ಲಿ ದುಃಖವೂ ಸಂತೋಷವೂ ಒಟ್ಟಿಗೇ. ಮಗುವೂ ಅದೇ ರಾತ್ರಿ ಹೋಯಿತು. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ಈ ಮನುಷ್ಯನ ಹೆಸರು ಥಾಮಸ್ ಆಂಡ್ರ್ಯೂ ಡಾರ್ಸಿ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಇವತ್ತು ಕೇಳುವ ಗಾಸ್ಪೆಲ್ ಸಂಗೀತದ ಜನಕ ಎಂದು ಅವರನ್ನು ಕರೆಯುತ್ತಾರೆ. ಆ ಎರಡು ಸಾವುಗಳ ಬೆನ್ನಿಗೇ ಅವರು ಕಟ್ಟಿದ ‘ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್’ ಹಾಡು ಜಗತ್ತಿನ ಎಷ್ಟೋ ಭಾಷೆಗಳಿಗೆ ಹೋಗಿದೆ, ಎಷ್ಟೋ ಗೋರಿಗಳ ಬದಿಯಲ್ಲಿ ಕೇಳಿದೆ. ಅಂತರ್ಜಾಲದಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ತಪ್ಪನ್ನು ಇಲ್ಲೇ ತಿದ್ದಬೇಕು. ಈ ಹಾಡನ್ನು ಬರೆದವರು ಬಿಳಿಯ ಬ್ಯಾಂಡ್ ನಾಯಕ ಟಾಮಿ ಡಾರ್ಸಿ ಎಂದು ಫೋಟೊ ಸಮೇತ ಹಂಚುವವರಿದ್ದಾರೆ. ಹೆಸರು ಹತ್ತಿರವಿದೆ ಎಂಬುದು ಬಿಟ್ಟರೆ ಅವರಿಗೂ ಈ ಹಾಡಿಗೂ ಸಂಬಂಧವಿಲ್ಲ. ಇದು ಸಣ್ಣ ತಪ್ಪಾಗಿ ನನಗೆ ಕಾಣುವುದಿಲ್ಲ. ಗುಲಾಮರ ಮೊಮ್ಮಕ್ಕಳ ಬದುಕಿನಿಂದ ಎದ್ದ ಹಾಡನ್ನು ಅವರ ಕೈಯಿಂದಲೇ ಕಸಿದುಕೊಂಡ ಹಾಗಾಗುತ್ತದೆ ಅದು.

ಈ ಕತೆಯನ್ನು ಸಾಮಾನ್ಯವಾಗಿ ಪವಾಡದ ಹಾಗೆ ಹೇಳುತ್ತಾರೆ. ದುಃಖ ಬಂತು, ಹಾಡು ಬಂತು, ಮನಸ್ಸಿಗೆ ಶಾಂತಿ ಸಿಕ್ಕಿತು ಎಂದು. ಭಕ್ತರ ಕತೆ ಹೇಳುವಾಗ ನಾವು ಅವರ ಸಿಟ್ಟನ್ನು ಬೇಗ ಬೇಗ ದಾಟಿಬಿಡುತ್ತೇವೆ. ಆದರೆ ಡಾರ್ಸಿಯವರ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಿಟ್ಟೇ. ಅದಕ್ಕೂ ಹಿಂದೆ, ದೇವರ ಮನೆಗೂ ಹೆಂಡದ ಮನೆಗೂ ನಡುವೆ ಅವರು ಅಲೆದ ವರ್ಷಗಳೂ.

ಡಾರ್ಸಿ ಹುಟ್ಟಿದ್ದು 1899ರ ಜುಲೈ 1ರಂದು, ಜಾರ್ಜಿಯಾ ರಾಜ್ಯದ ವಿಲ್ಲಾ ರಿಕಾ ಎಂಬ ಸಣ್ಣ ಊರಿನಲ್ಲಿ. ತಂದೆ ಊರೂರು ತಿರುಗುವ ಬೋಧಕರು. ಅದರಿಂದ ಹೊಟ್ಟೆ ತುಂಬದ್ದಕ್ಕೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಕಾಲಿನಿಂದ ತಿದಿ ಒತ್ತಿ ನುಡಿಸುವ ಆರ್ಗನ್ ಅದು, ನಮ್ಮ ಹಾರ್ಮೋನಿಯಂನ ದೊಡ್ಡಕ್ಕನ ಹಾಗೆ. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಸಂಸಾರ ಅಟ್ಲಾಂಟಾಕ್ಕೆ ಬಂತು. ಹಳ್ಳಿಯಲ್ಲಿ ಬೋಧಕರೆಂಬ ಗೌರವವಿದ್ದ ತಂದೆ ಅಲ್ಲಿ ಕೂಲಿಯಾದರು, ತಾಯಿ ಪರರ ಬಟ್ಟೆ ಒಗೆದರು. ಶಾಲೆಯಲ್ಲಿ ಹುಡುಗನನ್ನು ಕೆಳಗಿನ ತರಗತಿಗೆ ಇಳಿಸಿದರು. ಅವನು ಬೇಗನೆ ಶಾಲೆ ಬಿಟ್ಟು ಡೆಕಾಟರ್ ಬೀದಿಯ ನಾಟಕ ಮಂದಿರದಲ್ಲಿ ಸೋಡಾ ಮಾರಲು ನಿಂತ. ಅಲ್ಲಿಗೆ ಬರುವ ಪಿಯಾನೊ ವಾದಕರ ಬೆರಳುಗಳನ್ನು ನೋಡಿ ನೋಡಿಯೇ ನುಡಿಸಲು ಕಲಿತ.

ಹದಿಹರೆಯದಲ್ಲೇ ಉತ್ತರದ ಷಿಕಾಗೊ ಸೇರಿದರು. ಆಗ ದಕ್ಷಿಣದ ಹತ್ತಿ ಹೊಲಗಳಿಂದ, ಮರಕ್ಕೆ ನೇಣು ಹಾಕುವ ಗುಂಪುಗಳ ಭಯದಿಂದ ತಪ್ಪಿಸಿಕೊಂಡು ಕಪ್ಪು ಜನ ರೈಲು ರೈಲೇ ಉತ್ತರಕ್ಕೆ ಹೊರಟಿದ್ದರು. 1910ರಲ್ಲಿ ಷಿಕಾಗೊದಲ್ಲಿ ಅವರ ಸಂಖ್ಯೆ ಸುಮಾರು 44 ಸಾವಿರ, 1930ಕ್ಕೆ 2 ಲಕ್ಷ 34 ಸಾವಿರ ಆಯಿತು. ಬಾಡಿಗೆ ದುಬಾರಿ. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲಾಗದವರು ಮನೆಯಲ್ಲೇ ಕೂಟ ಇಡುತ್ತಿದ್ದರು. ಒಳಗೆ ಬರಲು ಚಿಲ್ಲರೆ ಕಾಸು, ತಿನ್ನಲು ಏನಾದರೂ, ಕುಡಿಯಲು ಕಳ್ಳಭಟ್ಟಿ ಸಾರಾಯಿ, ಮೂಲೆಯಲ್ಲೊಬ್ಬ ಪಿಯಾನೊದವ. ಪೊಲೀಸರ ಕಿವಿಗೆ ಬೀಳದಂತೆ ಮೆಲ್ಲಗೆ ನುಡಿಸಬೇಕಿತ್ತು. ಡಾರ್ಸಿಯವರ ಬೆರಳು ಎಷ್ಟು ಮೃದುವೆಂದರೆ ‘ಪಿಸುಗುಡುವ ಪಿಯಾನೊದವ’ ಎಂದೇ ಹೆಸರು ಬಿತ್ತು.

ಅವರು ನುಡಿಸುತ್ತಿದ್ದುದು ಬ್ಲೂಸ್. ಹೇಳಿಕೊಳ್ಳಲು ಯಾರೂ ಇಲ್ಲದವನು ತನಗೆ ತಾನೇ ಹೇಳಿಕೊಳ್ಳುವ ಹಾಡು ಅದು. ಕಟ್ಟು ಬಲು ಸರಳ. ಹನ್ನೆರಡು ಆವರ್ತಗಳ ಒಂದು ಸುತ್ತು. ಒಂದು ಸಾಲು ಹೇಳಬೇಕು, ಅದನ್ನೇ ಇನ್ನೊಮ್ಮೆ ಹೇಳಬೇಕು, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡಬೇಕು. ಅದರ ಜೀವ ಇರುವುದು ಸ್ವರಗಳನ್ನು ಹಚ್ಚುವ ರೀತಿಯಲ್ಲಿ. ಹಿಂದೂಸ್ತಾನಿ ಕೇಳುವವರಿಗೆ ಹೀಗೆ ಹೇಳಿದರೆ ಹೊಳೆಯಬಹುದು: ಗಾಂಧಾರವನ್ನು ಶುದ್ಧದಲ್ಲೂ ನಿಲ್ಲಿಸದೆ ಕೋಮಲದಲ್ಲೂ ನಿಲ್ಲಿಸದೆ ಎರಡರ ನಡುವೆ ಜಾರಿಸುವುದು, ನಿಷಾದವನ್ನು ಬಾಗಿಸುವುದು. ಪಿಯಾನೊದ ಮನೆಗಳಲ್ಲಿ ಆ ಸ್ವರ ಇಲ್ಲ. ಅದಕ್ಕೇ ನುಡಿಸುವವರು ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ ಅದರ ಹತ್ತಿರ ಹೋಗುತ್ತಾರೆ. ಕೇಳಿದರೆ ಗಂಟಲು ಕಟ್ಟಿದವರು ಹಾಡಿದ ಹಾಗಿರುತ್ತದೆ.

1924ರಲ್ಲಿ ಬ್ಲೂಸ್‌ನ ಮಹಾಗಾಯಕಿ ಮಾ ರೈನಿ ಅವರ ತಂಡಕ್ಕೆ ಡಾರ್ಸಿ ವಾದಕರಾದರು. ಮರುವರ್ಷ ನೆಟ್ಟಿ ಹಾರ್ಪರ್ ಅವರನ್ನು ಮದುವೆಯಾದರು. ಗಂಡನ ಜೊತೆ ಇರಲೆಂದು ನೆಟ್ಟಿಯೂ ಅದೇ ತಂಡದಲ್ಲಿ ವೇಷಭೂಷಣದ ಕೆಲಸಕ್ಕೆ ಸೇರಿದರು. ದುಡ್ಡು ಬಂತು, ಹೆಸರು ಬಂತು. ಆಮೇಲೆ ಮನಸ್ಸು ಕೆಟ್ಟಿತು. 1926ರ ಸುಮಾರಿಗೆ ಬಂದ ಖಿನ್ನತೆ ಎರಡು ವರ್ಷ ಬಿಡಲಿಲ್ಲ. ಪಿಯಾನೊ ಮುಂದೆ ಕೂತರೆ ಕೈ ಏಳುತ್ತಿರಲಿಲ್ಲ. ಸಾಯುವ ಯೋಚನೆಯೂ ಬಂದಿತ್ತು. ನೆಟ್ಟಿ ದುಡಿದು ಮನೆ ನಡೆಸಿದರು. ಅತ್ತಿಗೆಯ ಒತ್ತಾಯಕ್ಕೆ ಡಾರ್ಸಿ ಚರ್ಚಿಗೆ ಹೋದರು, ಅಲ್ಲಿನ ಹಿರಿಯರೊಬ್ಬರ ಪ್ರಾರ್ಥನೆಯಿಂದ ಚೇತರಿಸಿಕೊಂಡೆ ಎಂದು ನಂಬಿದರು. ನೆರೆಮನೆಯ ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಸತ್ತಾಗ ಬರೆದ ಹಾಡು ‘ಇಫ್ ಯೂ ಸೀ ಮೈ ಸೇವಿಯರ್’. ಅದೇ ಅವರ ಮೊದಮೊದಲ ಗಾಸ್ಪೆಲ್ ಹಾಡುಗಳಲ್ಲಿ ಒಂದು.

ಇಷ್ಟಾದ ಮೇಲೆ ಬದುಕು ನೇರವಾಯಿತು ಎಂದುಕೊಂಡರೆ ತಪ್ಪು. 1928ರಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ, ಗಿಟಾರ್ ವಾದಕ ಟ್ಯಾಂಪಾ ರೆಡ್ ಅವರ ಜೊತೆಗೂಡಿ, ‘ಇಟ್ಸ್ ಟೈಟ್ ಲೈಕ್ ದಟ್’ ಎಂಬ ದ್ವಂದ್ವಾರ್ಥದ ಪೋಲಿ ಹಾಡನ್ನು ಧ್ವನಿಮುದ್ರಿಸಿದವರೂ ಇವರೇ. ಅದು ಆ ಕಾಲದ ಅತಿ ಹೆಚ್ಚು ಓಡಿದ ಗ್ರಾಮಫೋನ್ ತಟ್ಟೆಗಳಲ್ಲೊಂದು. ಹಗಲು ಯೇಸುವಿನ ಹಾಡು, ರಾತ್ರಿ ಹಾಸಿಗೆಯ ಹಾಡು. ಕೆಲವರು ಈ ಭಾಗವನ್ನು ಮುಚ್ಚಿ ಹೇಳುತ್ತಾರೆ. ಮುಚ್ಚಬಾರದು. ದೇವರ ಕಡೆಗೆ ನಡೆದ ದಾರಿಯಲ್ಲಿ ಎಷ್ಟು ಸಲ ಹಿಂದೆ ತಿರುಗಿದರೆಂದು ತಿಳಿಯದಿದ್ದರೆ, 1932ರಲ್ಲಿ ಅವರ ಎದುರಿಗಿದ್ದ ಆಯ್ಕೆ ಎಷ್ಟು ಕಠಿಣವಾಗಿತ್ತೆಂದೂ ತಿಳಿಯುವುದಿಲ್ಲ.

ಆಗ ಷಿಕಾಗೊದ ದೊಡ್ಡ ಕಪ್ಪು ಚರ್ಚುಗಳಲ್ಲಿ ಗಾಯಕವೃಂದದವರು ಯುರೋಪಿನ ಶಾಸ್ತ್ರೀಯ ಕೃತಿಗಳನ್ನು ಹಾಳೆ ನೋಡಿ ಹಾಡುತ್ತಿದ್ದರು. ಚಪ್ಪಾಳೆ ಇಲ್ಲ, ಕೂಗು ಇಲ್ಲ, ಮೈ ತೂಗುವಂತಿಲ್ಲ. ದಕ್ಷಿಣದಿಂದ ಬಂದ ಹಳ್ಳಿಯವರಿಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಅಂಥ ಕಡೆ ಡಾರ್ಸಿ ಬ್ಲೂಸ್‌ನ ಬಾಗು ಬಳುಕುಗಳನ್ನು ದೇವರ ಮಾತಿಗೆ ಹಚ್ಚಿ ತಂದರು. ಹಿರಿಯರಿಗೆ ಇದು ಸಾರಾಯಿ ಅಂಗಡಿಯ ವಾಸನೆ ಹೊಡೆಯಿತು. ಹಲವು ಒಳ್ಳೊಳ್ಳೆಯ ಚರ್ಚುಗಳಿಂದ ಹೊರಗೆ ಹಾಕಿಸಿಕೊಂಡಿದ್ದೇನೆ ಎಂದು ಅವರೇ ಹೇಳಿಕೊಂಡದ್ದುಂಟು. ಐದು ಡಾಲರ್ ಸಾಲ ಮಾಡಿ, ತಮ್ಮ ಒಂದು ಹಾಡಿನ 500 ಪ್ರತಿಗಳನ್ನು ದೇಶದ ಚರ್ಚುಗಳಿಗೆ ಅಂಚೆಯಲ್ಲಿ ಕಳಿಸಿದರು. ಮೊದಲ ಬೇಡಿಕೆ ಬರಲು ಸುಮಾರು ಮೂರು ವರ್ಷ ಹಿಡಿಯಿತಂತೆ. ಅಷ್ಟರಲ್ಲಿ ಬೀದಿಯ ಮೂಲೆಗಳಲ್ಲಿ ನಿಂತು ಹಾಡಿ ತೋರಿಸಿ, ಒಂದೊಂದು ಹಾಳೆಯನ್ನು ಚಿಲ್ಲರೆ ಕಾಸಿಗೆ ಮಾರಿದರು. ನ್ಯೂ ಆರ್ಲಿಯನ್ಸ್‌ನಿಂದ ಬಂದಿದ್ದ, ಮನೆಗೆಲಸ ಮಾಡಿ ಬದುಕುತ್ತಿದ್ದ ಮಹಾಲಿಯಾ ಜಾಕ್ಸನ್ ಎಂಬ ಯುವತಿ ಅವರ ಹಾಡುಗಳನ್ನು ಹಾಡಲು ಜೊತೆಯಾದರು. ಅವರ ವಿಷಯ ಮುಂದೆ ಬರುತ್ತದೆ.

ಇಂಥ ಜಗಳ ನಮ್ಮ ನೆಲಕ್ಕೂ ಹೊಸದಲ್ಲ. ದೇವರಿಗೆ ಯಾವ ಮಟ್ಟು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ತೀರ್ಮಾನಿಸುವವರು ಎಲ್ಲ ಕಾಲದಲ್ಲೂ ಇದ್ದರು. ಬಾಸೆಲ್ ಮಿಶನ್ನಿನ ಚರ್ಚುಗಳಲ್ಲಿ ಕನ್ನಡದ ಮಾತನ್ನು ಜರ್ಮನ್ ಮಟ್ಟಿಗೆ ಕೂರಿಸಿ ಹಾಡುತ್ತಿದ್ದ ಕಾಲದಲ್ಲೇ ಫರ್ಡಿನಂಡ್ ಕಿಟೆಲ್ ಅವರು ಕ್ರಿಸ್ತನ ಕತೆಯನ್ನು ‘ಕಥಾಮಾಲೆ’ಯಲ್ಲಿ ಕನ್ನಡದ ಪದ್ಯಕ್ಕೆ ಇಳಿಸಿದರು. ಎಲ್ಲಿಂದಲೋ ಬಂದ ನಂಬಿಕೆ ತನ್ನದಾಗಬೇಕಾದರೆ ತನ್ನ ಗಂಟಲಿನ ಸ್ವರದಲ್ಲಿ ಬರಬೇಕು ಎಂಬುದು ಷಿಕಾಗೊದ ವಾದಕನಿಗೂ ಧಾರವಾಡ ಸೀಮೆಯ ಪಾದ್ರಿಗೂ ಹೊಳೆದಿತ್ತು.

ಮತ್ತೆ 1932ಕ್ಕೆ ಬರೋಣ. ಆ ಹೊತ್ತಿಗೆ ಡಾರ್ಸಿಯವರ ಶ್ರಮ ಫಲ ಕೊಡತೊಡಗಿತ್ತು. ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಎಂಬ ದೊಡ್ಡ ಚರ್ಚು ಅವರನ್ನು ಗಾಸ್ಪೆಲ್ ಗಾಯಕವೃಂದದ ನಿರ್ದೇಶಕರನ್ನಾಗಿ ಕರೆದುಕೊಂಡಿತ್ತು. ಬ್ಲೂಸ್ ಬಿಟ್ಟು, ಪೂರ್ತಿ ದೇವರ ಕೆಲಸಕ್ಕೆ ಬಂದಿದ್ದರು. ಬಂದದ್ದೇ ತಡ, ದೇವರ ಕೆಲಸಕ್ಕೆಂದು ಊರು ಬಿಟ್ಟು ಹೋಗಿದ್ದಾಗಲೇ ಹೆಂಡತಿಯೂ ಹೋದರು, ಮಗುವೂ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ದಿನಗಟ್ಟಲೆ ಬಾಗಿಲು ಹಾಕಿಕೊಂಡು ಕೂತರು. ದೇವರು ತನಗೆ ಅನ್ಯಾಯ ಮಾಡಿದ ಎನಿಸಿತು. ಇನ್ನು ಅವನ ಸೇವೆಯೂ ಬೇಡ, ಗಾಸ್ಪೆಲ್ ಬರೆಯುವುದೂ ಬೇಡ, ತನಗೆ ಗೊತ್ತಿರುವ ಹಳೆಯ ಜಗತ್ತಿಗೇ ಮರಳುತ್ತೇನೆ ಎಂದು ನಿಶ್ಚಯಿಸಿದರು. ಇದನ್ನು ಅವರು ಯಾವತ್ತೂ ಮರೆಮಾಚಲಿಲ್ಲ. ಕೇಳಿದವರಿಗೆಲ್ಲ ಸಿಟ್ಟಿನ ಭಾಗವನ್ನೂ ಸೇರಿಸಿಯೇ ಹೇಳಿದರು.

ಒಂದು ಶನಿವಾರ ಸಂಜೆ ಗೆಳೆಯ ಥಿಯೊಡೋರ್ ಫ್ರೈ ಬಂದು ಹೊರಗೆ ಕರೆದುಕೊಂಡು ಹೋದರು. ಕಪ್ಪು ಹೆಣ್ಣುಮಕ್ಕಳಿಗೆ ಸೌಂದರ್ಯವಿದ್ಯೆ ಕಲಿಸಲು ಆ್ಯನಿ ಮಲೋನ್ ಎಂಬ ಉದ್ಯಮಿ ಕಟ್ಟಿದ್ದ ಪೊರೊ ಕಾಲೇಜಿಗೆ ಹೋದರು. ಅಲ್ಲೊಂದು ಕೋಣೆಯಲ್ಲಿ ಪಿಯಾನೊ ಇತ್ತು. ಪರದೆಯ ಸಂದಿಯಿಂದ ಇಳಿಬಿಸಿಲು ಬೀಳುತ್ತಿತ್ತು, ಸುತ್ತ ಸದ್ದಿರಲಿಲ್ಲ. ಡಾರ್ಸಿ ಪಿಯಾನೊ ಮುಂದೆ ಕೂತರು, ಮನೆಗಳ ಮೇಲೆ ಬೆರಳಾಡಿಸಿದರು. ಬಂದದ್ದು ಹೊಸ ಮಟ್ಟೇನೂ ಅಲ್ಲ. ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿದ, ಜಾರ್ಜ್ ಆ್ಯಲನ್ ಎಂಬವರು 1844ರಲ್ಲಿ ಕೊಟ್ಟ ಹಳೆಯ ಮಟ್ಟು. ಅದನ್ನೇ ನಿಧಾನ ಮಾಡಿ, ಎಳೆದು, ಬ್ಲೂಸ್‌ನ ಹಾಗೆ ಬಾಗಿಸಿ ನುಡಿಸುತ್ತ ಹೋದಂತೆ ಮಾತುಗಳು ಬಂದವು. ಮೊದಲು ಅವರ ಬಾಯಿಗೆ ದೇವರನ್ನು ಕರೆಯಲು ಬಂದದ್ದು ಧನ್ಯನೆಂಬ ಅರ್ಥದ, ಚರ್ಚಿನಲ್ಲಿ ಬಳಸಿ ಸವೆದ ಮಾತು. ಅದು ಬೇಡ, ‘ಪ್ರೆಶಸ್’ ಎನ್ನು ಎಂದರು ಫ್ರೈ. ಆ ಮಾತಿನಲ್ಲಿ ಬೆಲೆಯೂ ಇದೆ, ಮುದ್ದೂ ಇದೆ. ತಾಯಿ ಮಗುವನ್ನು ಕರೆಯುವಾಗ ನಾವು ‘ನನ್ನ ಚಿನ್ನ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ತನ್ನ ಚಿನ್ನದಂಥ ಮಗುವನ್ನು ಹೂತು ಬಂದವರು ಆ ಮಾತನ್ನು ಎತ್ತಿ ದೇವರಿಗೆ ಕೊಟ್ಟರು. ಈ ಹಾಡಿನ ಬಗ್ಗೆ ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಅಲುಗಿಸಿದ್ದು ಗೆಳೆಯರ ನಡುವಿನ ಈ ಒಂದು ಪದದ ಮಾತುಕತೆ.

ಹಾಡಿನಲ್ಲಿ ಏನಿದೆ? ದಣಿದವನೊಬ್ಬ ಕತ್ತಲಲ್ಲಿ ನಿಂತು ಕೈ ಚಾಚುತ್ತಾನೆ, ಮನೆ ಮುಟ್ಟಿಸು ಎನ್ನುತ್ತಾನೆ. ಅಷ್ಟೇ. ನೆಟ್ಟಿಯ ಹೆಸರಿಲ್ಲ, ಮಗುವಿನ ಸುದ್ದಿಯಿಲ್ಲ. ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎಲ್ಲೂ ಹೇಳುವುದಿಲ್ಲ. ಎಲ್ಲ ಒಳ್ಳೆಯದಕ್ಕೇ ಆಯಿತು ಎಂಬ ಸಮಾಧಾನವೂ ಇಲ್ಲ. ಯಾರು ಕೈಬಿಟ್ಟ ಎಂದು ಸಿಟ್ಟಾಗಿದ್ದರೋ ಅವನನ್ನೇ ಕೈಹಿಡಿ ಎಂದು ಕೇಳುತ್ತಾರೆ. ಬೇರೆ ಯಾರನ್ನು ಕೇಳಬೇಕು?

ಇದನ್ನು ಓದುವಾಗ ನನಗೆ ಬೆಟಗೇರಿಯ ಅಜ್ಜಿ ಮನೆ ನೆನಪಾಗುತ್ತದೆ. 1841ರಲ್ಲಿ ಬಾಸೆಲ್ ಮಿಶನ್ ಬಂದು ನೆಲೆ ಮಾಡಿದ ಊರು ಅದು, ಮಗ್ಗದ ಸದ್ದಿನ ಊರು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಹೆಣದ ಪಕ್ಕ ಕೂತು ಹಾಡುತ್ತಿದ್ದರು. ಚಾಪೆ ಹಾಸಿ, ಗೋಡೆಗೆ ಒರಗಿ ಕೂತ ಹೆಂಗಸರು, ನಡುವೆ ಒಂದು ಲಾಟೀನು. ಅಂಚು ಸವೆದು ಹಾಳೆ ಹಳದಿಯಾದ ಗೀತೆಗಳ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. ಆದರೆ ಯಾರೂ ಅದನ್ನು ನೋಡುತ್ತಿರಲಿಲ್ಲ, ಎಲ್ಲರಿಗೂ ಬಾಯಿಪಾಠ. ನನ್ನ ಚಿಕ್ಕಪ್ಪ ಇಪ್ಪತ್ತಾರರ ಹರೆಯದಲ್ಲಿ ಜ್ವರಕ್ಕೆ ಹೋದಾಗ ಸಭಾಪಾಲಕರು ಬಂದು ದೇವರ ಚಿತ್ತದ ಬಗ್ಗೆ ಮಾತಾಡಿದರು. ಅಜ್ಜಿ ಕೇಳಿಸಿಕೊಂಡಂತೆ ಕಾಣಲಿಲ್ಲ, ಅಳಲೂ ಇಲ್ಲ. ಸಭಾಪಾಲಕರು ಹೋದ ಮೇಲೆ ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಚಿನ್ನವ್ವಾಯಿ ಒಂದು ಗೀತೆ ಎತ್ತಿದರು. ಹಿಂದಿನ ವರ್ಷವಷ್ಟೇ ಮಗನನ್ನು ಕಳೆದುಕೊಂಡಿದ್ದವರು. ಶ್ರುತಿ ಇರಲಿಲ್ಲ, ದನಿ ಒಡೆದಿತ್ತು. ಎರಡನೆಯ ಚರಣಕ್ಕೆ ಅಜ್ಜಿಯ ತುಟಿ ಅಲುಗಿತು. ಮೂರನೆಯದಕ್ಕೆ ದನಿ ಬಂತು, ಅದರ ಹಿಂದೆಯೇ ಅಳು ಬಂತು. ಆಮೇಲೆ ಅಜ್ಜಿ ಬದುಕಿದ್ದಷ್ಟು ಕಾಲ ಹಿಟ್ಟು ನಾದುವಾಗ, ಅಂಗಳ ಗುಡಿಸುವಾಗ ಅದೇ ಗೀತೆಯನ್ನು ಗುನುಗುತ್ತಿದ್ದಳು.

ಆಗ ನನಗೆ ಹತ್ತು ವರ್ಷ. ಸಭಾಪಾಲಕರ ಮಾತು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಅಜ್ಜಿಗೆ ಬೇಕಿದ್ದುದು ವಿವರಣೆ ಆಗಿರಲಿಲ್ಲ. ತನ್ನ ಹಾಗೆಯೇ ಕಳೆದುಕೊಂಡ ಇನ್ನೊಬ್ಬಳು ಇನ್ನೂ ಹಾಡುತ್ತಿದ್ದಾಳೆ ಎಂಬುದನ್ನು ಕಣ್ಣಾರೆ ಕಾಣುವುದು ಬೇಕಿತ್ತು. ಹಾಡಿದವರ ಬದುಕು ಹಾಡಿನ ಹಿಂದೆ ನಿಂತು ಸಾಕ್ಷಿ ಹೇಳುತ್ತದೆ. ಡಾರ್ಸಿಯವರ ಹಾಡು ಲಕ್ಷಾಂತರ ಜನರಿಗೆ ಮಾಡಿದ್ದು ಚಿನ್ನವ್ವಾಯಿ ನಮ್ಮ ಅಜ್ಜಿಗೆ ಮಾಡಿದ್ದನ್ನೇ ಎಂದು ನನಗೆ ಅನಿಸುತ್ತದೆ.

ದೇವರ ಜೊತೆ ಜಗಳವಾಡುವುದು ಭಕ್ತಿಗೆ ಹೊರಗಿನದೆಂದು ಭಾವಿಸುವವರು ಬೈಬಲಿನ ಕೀರ್ತನೆಗಳನ್ನು ಕೂತು ಓದಬೇಕು. ಅವುಗಳಲ್ಲಿ ದೊಡ್ಡ ಪಾಲು ಮೊರೆ, ದೂರು, ಗೋಳು. 88ನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸ್ತುತಿಯ ಮಾತಿಲ್ಲ. ಯೋಬನ ಗ್ರಂಥದಲ್ಲಿ ದೇವರು ಕೊನೆಗೆ ಗದರುವುದು ಸಮಾಧಾನ ಹೇಳಲು ಬಂದ ಯೋಬನ ಗೆಳೆಯರನ್ನು; ತನ್ನ ಬಗ್ಗೆ ಸರಿಯಾದದ್ದನ್ನು ಆಡಿದವನು ದೂರಿದ ಯೋಬನೇ ಎನ್ನುತ್ತಾನೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದಾಸರು ವಿಠಲನನ್ನು ಎಷ್ಟು ಸಲುಗೆಯಿಂದ ಬೈದಿದ್ದಾರೆ! ನಿಂದಾಸ್ತುತಿ ಎಂದೇ ಅದಕ್ಕೆ ಹೆಸರು ಕೊಟ್ಟು ಹಾಡಿಕೊಂಡು ಬಂದ ನಾಡು ಇದು. ಬೈಯಬೇಕಾದರೂ ಎದುರಿಗೆ ಒಬ್ಬನಿದ್ದಾನೆ ಎಂಬ ಖಾತ್ರಿ ಬೇಕು. ಡಾರ್ಸಿಯವರ ಸಿಟ್ಟಿನಲ್ಲಿ ಆ ಖಾತ್ರಿ ಉಳಿದಿತ್ತು.

ಹಾಡು ಹುಟ್ಟಿದ ಕೆಲವೇ ದಿನಗಳಲ್ಲಿ ಷಿಕಾಗೊದ ಎಬೆನೆಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಫ್ರೈ ಈ ಹಾಡನ್ನು ಹಾಡಿದರು, ಡಾರ್ಸಿ ಪಿಯಾನೊ ನುಡಿಸಿದರು. ಜನ ಎದ್ದು ನಿಂತು ಕೂಗಿದರು, ಅತ್ತರು. ಅದು ಆರ್ಥಿಕ ಕುಸಿತದ ನಡುಗಾಲ. ಕೆಲಸ ಕಳೆದುಕೊಂಡವರು, ಮನೆ ಬಿಟ್ಟವರು, ದಕ್ಷಿಣದಲ್ಲಿ ಹೆತ್ತವರನ್ನು ಬಿಟ್ಟು ಬಂದವರು ಅಲ್ಲಿದ್ದರು. ಡಾರ್ಸಿ ತನ್ನ ಒಬ್ಬನ ನೋವಿಗೆ ಬರೆದದ್ದರಲ್ಲಿ ತಮ್ಮ ತಮ್ಮ ನೋವನ್ನು ಇಟ್ಟುಕೊಳ್ಳಲು ಅವರಿಗೆಲ್ಲ ಜಾಗ ಸಿಕ್ಕಿತು. ಹೆಸರು, ಊರು, ಕಾರಣ ಯಾವುದೂ ಹಾಡಿನಲ್ಲಿ ಇಲ್ಲದ್ದು ಇಲ್ಲಿ ಉಪಕಾರಕ್ಕೆ ಬಂತು.

ಅಲ್ಲಿಂದ ಅದು ನಡೆದ ದಾರಿ ದೊಡ್ಡದು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಇದು ಅಚ್ಚುಮೆಚ್ಚು. ನಾಗರಿಕ ಹಕ್ಕುಗಳ ಸಭೆಗಳಲ್ಲಿ ಇದನ್ನು ಹಾಡಲು ಮಹಾಲಿಯಾ ಜಾಕ್ಸನ್ ಅವರನ್ನು ಕೇಳುತ್ತಿದ್ದರು. 1968ರ ಏಪ್ರಿಲ್ 4ರ ಸಂಜೆ, ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಬಂದಿದ್ದ ಕಿಂಗ್, ಮೆಂಫಿಸ್‌ನ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದರು. ಕೆಳಗೆ ಸ್ಯಾಕ್ಸೊಫೋನ್ ವಾದಕ ಬೆನ್ ಬ್ರಾಂಚ್ ಕಂಡರು. ರಾತ್ರಿಯ ಸಭೆಯಲ್ಲಿ ಈ ಹಾಡನ್ನು ನುಡಿಸಬೇಕು, ತುಂಬ ಚೆಂದವಾಗಿ ನುಡಿಸಬೇಕು ಎಂದು ಕೇಳಿಕೊಂಡರು. ಮರುಕ್ಷಣಗಳಲ್ಲಿ ಗುಂಡು ಬಿತ್ತು. ಐದು ದಿನಗಳ ನಂತರ ಅಟ್ಲಾಂಟಾದಲ್ಲಿ ಅವರ ಅಂತ್ಯಸಂಸ್ಕಾರದ ದಿನ ಮಹಾಲಿಯಾ ಈ ಹಾಡನ್ನು ಹಾಡಿದರು. ಆ ಮಹಾಲಿಯಾ 1971ರಲ್ಲಿ ಭಾರತಕ್ಕೂ ಬಂದು ಹಾಡಿ ಹೋದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡಾಗ ಅವರ ಪೆಟ್ಟಿಗೆಯ ಮುಂದೆ ಗಾಯಕಿ ಅರೆಥಾ ಫ್ರ್ಯಾಂಕ್ಲಿನ್ ಹಾಡಿದ್ದೂ ಇದನ್ನೇ. ನೆಟ್ಟಿಯ ಸಾವಿಗೆ ಹುಟ್ಟಿದ ಹಾಡು ಹೀಗೆ ಒಂದು ಸಾವಿನಿಂದ ಇನ್ನೊಂದು ಸಾವಿಗೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು.

ಡಾರ್ಸಿ ಮತ್ತೆ ಬ್ಲೂಸ್‌ಗೆ ಮರಳಲಿಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಪಿಲ್ಗ್ರಿಮ್ ಚರ್ಚಿನ ಗಾಯಕವೃಂದವನ್ನು ನಡೆಸಿದರು. ದೇಶದ ಗಾಸ್ಪೆಲ್ ವೃಂದಗಳನ್ನೆಲ್ಲ ಒಂದುಗೂಡಿಸುವ ಸಂಘ ಕಟ್ಟಿದರು. ಸ್ಯಾಲಿ ಮಾರ್ಟಿನ್ ಎಂಬ ಗಟ್ಟಿಗಿತ್ತಿ ಗಾಯಕಿ ಅವರ ಹಾಡಿನ ಹಾಳೆಗಳ ವ್ಯಾಪಾರವನ್ನು ಕೈಗೆತ್ತಿಕೊಂಡು, ಲೆಕ್ಕವೇ ಇಲ್ಲದೆ ನಡೆಯುತ್ತಿದ್ದುದನ್ನು ದಾರಿಗೆ ತಂದರು. 1941ರಲ್ಲಿ ಡಾರ್ಸಿ ಮತ್ತೆ ಮದುವೆಯಾದರು, ಇಬ್ಬರು ಮಕ್ಕಳಾದರು. ‘ಪೀಸ್ ಇನ್ ದ ವ್ಯಾಲಿ’ ಸೇರಿ ನೂರಾರು ಹಾಡು ಬರೆದರು. 1982ರ ‘ಸೇ ಆಮೆನ್, ಸಮ್‌ಬಡಿ’ ಸಾಕ್ಷ್ಯಚಿತ್ರದಲ್ಲಿ ಅವರನ್ನು ನೋಡಬಹುದು. ಎಂಬತ್ತು ದಾಟಿದ ಮುದುಕರು, ಐವತ್ತು ವರ್ಷದ ಹಿಂದಿನ ತಂತಿಯ ಕತೆಯನ್ನು ಹೇಳುತ್ತಾರೆ. ಆ ನೋವು ಆರಿ ಹೋದದ್ದೇನೂ ಅಲ್ಲ. ಕಡೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಬಂತು. 1993ರ ಜನವರಿ 23ರಂದು, 93ನೆಯ ವಯಸ್ಸಿನಲ್ಲಿ, ಷಿಕಾಗೊದಲ್ಲೇ ತೀರಿಕೊಂಡರು. 1891ರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಾಗಿ ಕಟ್ಟಿದ್ದ ಆ ಪಿಲ್ಗ್ರಿಮ್ ಚರ್ಚಿಗೆ 2006ರ ಜನವರಿಯಲ್ಲಿ ಬೆಂಕಿ ಬಿದ್ದು, ಗೋಡೆಗಳಷ್ಟೇ ಉಳಿದವು.

ಡಾರ್ಸಿಯವರನ್ನು ಸಂತರನ್ನಾಗಿ ಮಾಡಬೇಕೆಂದು ನಾನು ಇಷ್ಟೆಲ್ಲ ಹೇಳಲಿಲ್ಲ. ಪೋಲಿ ಹಾಡು ಬರೆದವರು, ಮನಸ್ಸು ಮುರಿದು ಬಿದ್ದವರು, ದೇವರಿಗೆ ಬೆನ್ನು ಮಾಡಿ ಹೊರಟವರು. ಅಂಥವರ ಹಾಡು ನನಗೆ ಹತ್ತಿರವಾದದ್ದು ಅದಕ್ಕೇ. ನಂಬಿಕೆ ಗಟ್ಟಿಯಾಗಿದ್ದವರು ಬರೆದ ಸ್ತುತಿಗೀತೆಗಳನ್ನು ನಾನು ಗೌರವದಿಂದ ಕೇಳುತ್ತೇನೆ. ಆದರೆ ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನ, ಪ್ರಾರ್ಥನೆಗೆ ಮಾತೇ ಹೊರಡದಿದ್ದಾಗ, ವರಾಂಡದ ಬೆಂಚಿನ ಮೇಲೆ ಕೂತು ಕಿವಿಗೆ ಹಾಕಿಕೊಂಡದ್ದು ಇದನ್ನು. ನಾನು ಪ್ರಾರ್ಥಿಸಲಿಲ್ಲ, ಮಹಾಲಿಯಾ ನನ್ನ ಪರವಾಗಿ ಹಾಡಿದರು. ಅಮ್ಮ ಉಳಿಯಲಿಲ್ಲ. ಆದರೂ ಆ ಬೆಂಚಿನ ಮೇಲೆ ನಾನು ಒಬ್ಬನೇ ಇರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಈ ಭಾನುವಾರ ಬಿಡುವು ಮಾಡಿಕೊಂಡು, 1956ರಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ ಆವೃತ್ತಿಯನ್ನು ಹುಡುಕಿ ಕೇಳಿ. ಸುಮಾರು ನಾಲ್ಕು ನಿಮಿಷ ಅಷ್ಟೇ. ನೀವು ಯಾವ ದೇವರಿಗೆ ಕೈ ಮುಗಿದರೂ, ಮುಗಿಯದಿದ್ದರೂ ಕೇಳಿ. ಬೇರೆ ಕೆಲಸ ಮಾಡುತ್ತ ಕೇಳಬೇಡಿ, ಸುಮ್ಮನೆ ಕೂತು ಕೇಳಿ. ಆಮೇಲೆ ನಿಮ್ಮ ಮನೆಯ ಹಿರಿಯರೊಬ್ಬರ ಹತ್ತಿರ ಹೋಗಿ, ಕಷ್ಟ ಬಂದಾಗ ನೀವು ಯಾವ ಹಾಡು ಹಾಡಿಕೊಳ್ಳುತ್ತಿದ್ದಿರಿ, ಅದನ್ನು ನಿಮಗೆ ಕಲಿಸಿದವರು ಯಾರು ಎಂದು ವಿಚಾರಿಸಿ. ನಾನು ನನ್ನ ಅಜ್ಜಿಯನ್ನು ಕೇಳಲಿಲ್ಲ. ಕೇಳಬೇಕಿತ್ತು.